ಶುಂಠಿಯ ಶೋಧನೆ

ನಾನು ಅನುಮಾನದ ಮನುಷ್ಯ. ಇದನ್ನು ಇನ್ನೊಬ್ಬರು ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು. ಇನ್ನೊಬ್ಬರು ಹೇಳಿದರೆ ಅವರು ಯಾವ ಉದ್ದೇಶದಿಂದ ಹೇಳಿದರು ಎಂದು ನನಗೆ ಅನುಮಾನ ಶುರುವಾಗುತ್ತದೆ. ಬಸ್ಸಿನಲ್ಲಿ ಗುರುತಿಲ್ಲದವರು ಎದ್ದು ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರೆ, ಮುಂದಿನ ತಿರುವಿನಲ್ಲಿ ಬಿಸಿಲು ಆ ಕಡೆಗೆ ಬರುತ್ತದೆಯೋ ಏನೋ ಎಂದು ನೋಡುತ್ತೇನೆ. ಬೀಗರು ಊಟಕ್ಕೆ ಕರೆದು ಎರಡನೆಯ ಸಲ ಹೋಳಿಗೆ ಬಡಿಸಿದರೆ, ಕೈ ತೊಳೆದ ಮೇಲೆ ಇವರು ಏನು ಕೇಳಬಹುದು ಎಂದು ಯೋಚಿಸುತ್ತ ಹೋಳಿಗೆಯ ರುಚಿ ಕಳೆದುಕೊಳ್ಳುತ್ತೇನೆ. ನನ್ನ ಹೆಂಡತಿ ಗಿರಿಜಮ್ಮ ಮದುವೆಯಾದ ಹೊಸದರಲ್ಲಿ ಒಂದು ಸಲ, "ಇವತ್ತು ನೀವು ಚೆಂದ ಕಾಣ್ತೀರಿ" ಎಂದಿದ್ದಳು. ನಾನು ಒಳಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಂಡು ಬಂದು, "ಯಾಕೆ ಹಂಗಂದೆ?" ಎಂದು ಕೇಳಿದೆ. ಅದಾದ ಮೇಲೆ ಆಕೆ ಆ ಮಾತನ್ನು ಇನ್ನೊಮ್ಮೆ ಆಡಿಲ್ಲ.

ಆದರೆ ಇದು ನನ್ನ ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿಕೊಂಡದ್ದು. ನಾನು ಕಂಪೌಂಡರ್. ಕಂಪೌಂಡರನಾದವನು ಅನುಮಾನಪಡದಿದ್ದರೆ ಊರಿನಲ್ಲಿ ಜನ ಉಳಿಯುವುದಿಲ್ಲ. ಡಾಕ್ಟರು ಚೀಟಿಯಲ್ಲಿ ಗೀಚಿದ್ದು ಹನಿಯೋ ಚಮಚವೋ ಎಂದು ಅನುಮಾನಪಡಬೇಕು. ಅಕ್ಕಪಕ್ಕದಲ್ಲಿ ನಿಂತ ಎರಡು ಬಿಳಿಯ ಪುಡಿಗಳಲ್ಲಿ ಕೈಗೆ ಬಂದದ್ದು ಯಾವುದು ಎಂದು ಅನುಮಾನಪಡಬೇಕು. ಮೂರು ಹೊತ್ತೂ ತಪ್ಪದೆ ಕುಡಿದೆ ಎಂದು ಆಣೆ ಇಡುವ ರೋಗಿ ನಿಜವಾಗಿ ಕುಡಿದನೋ ಬಚ್ಚಲಿಗೆ ಚೆಲ್ಲಿದನೋ ಎಂದು ಅನುಮಾನಪಡಬೇಕು. ಬೆಳಗಿನಿಂದ ಸಂಜೆಯವರೆಗೆ ಹೀಗೆ ಅನುಮಾನಪಟ್ಟು ಮನೆಗೆ ಬಂದವನು ಅಂಗಿಯ ಜೊತೆ ಅದನ್ನೂ ಬಿಚ್ಚಿ ಗೂಟಕ್ಕೆ ನೇತುಹಾಕಲು ಸಾಧ್ಯವೇ? ಇಷ್ಟೆಲ್ಲ ಅನುಮಾನ ಇಟ್ಟುಕೊಂಡ ನಾನು ಒಂದು ಕಡೆ ಮಾತ್ರ ಅನುಮಾನಪಡಲಿಲ್ಲ. ಆ ಕಥೆಯನ್ನೇ ಈಗ ಹೇಳಹೊರಟಿದ್ದೇನೆ.

ಕನ್ನಡದ ಸೀಮೆಗಳೆಲ್ಲ ಒಂದು ರಾಜ್ಯವಾಗಿ ಒಂದೆರಡು ವರ್ಷ ಕಳೆದಿದ್ದ ಕಾಲ. ಶಿಕಾರಿಪುರದಲ್ಲಿ ಒಬ್ಬ ಡಾಕ್ಟರ ಖಾಸಗಿ ದವಾಖಾನೆಯಲ್ಲಿ ನಾನಿದ್ದೆ. ಡಾಕ್ಟರು ಮೈಸೂರು ಕಡೆಯವರು. ಮಾತು ಮೆತ್ತಗೆ, ಬರವಣಿಗೆ ಅದಕ್ಕಿಂತ ಮೆತ್ತಗೆ. ಅವರ ಒಂದು ಅಕ್ಷರವೂ ಎದ್ದು ನಿಲ್ಲುತ್ತಿರಲಿಲ್ಲ. ಅವರು ಕೆಮ್ಮಿಗೆ ಒಂದು ಕೆಂಪು ಔಷಧಿ ಬರೆಯುತ್ತಿದ್ದರು. ಅದನ್ನು ನಾನು ದಿನವೂ ಬೆಳಿಗ್ಗೆ ದೊಡ್ಡ ಜಾಡಿಯಲ್ಲಿ ಕೂಡಿಸಿಟ್ಟು, ಬಂದವರಿಗೆ ಸೀಸೆಗೆ ಹಾಕಿ, ಹೊರಗೆ ಕಚ್ಚು ಮಾಡಿದ ಕಾಗದದ ಪಟ್ಟಿ ಅಂಟಿಸಿ, ಒಂದು ಹೊತ್ತಿಗೆ ಒಂದು ಕಚ್ಚು ಎಂದು ಹೇಳಿ ಕಿಟಕಿಯಿಂದ ಕೊಡುತ್ತಿದ್ದೆ. ಔಷಧಿ ಒಳ್ಳೆಯದೇ. ಆದರೆ ಸಿಹಿ. ಸಿಹಿಯಾದ ಔಷಧಿಯನ್ನು ನಮ್ಮ ಕಡೆಯ ಜನ ನಂಬುವುದಿಲ್ಲ. "ಇದೇನ್ರಿ, ಶರಬತ್ತು ಕುಡ್ದಂಗಾಗ್ತತಿ" ಎಂದು ಮುಖ ಹುಳ್ಳಗೆ ಮಾಡಿಕೊಂಡು ಹೋದವರು ಮತ್ತೆ ಬರುತ್ತಿರಲಿಲ್ಲ. ಮುಖ ಕಿವುಚದೆ ನುಂಗಿದ್ದು ಔಷಧಿಯೇ ಅಲ್ಲ ಎಂಬುದು ಅವರ ಸಿದ್ಧಾಂತ.

ಹೀಗಿರುವಾಗ ಒಂದು ಸಲ ನನಗೇ ಕೆಮ್ಮು ಬಂತು. ನಾನೇ ಕೂಡಿಸಿದ ಔಷಧಿಯನ್ನು ನಾನೇ ಕುಡಿದೆ. ಕೆಮ್ಮು ಕದಲಲಿಲ್ಲ. ಗಿರಿಜಮ್ಮ ಶುಂಠಿ, ಮೆಣಸು, ಜೀರಿಗೆ ಜಜ್ಜಿ ಕುದಿಸಿ ಒಂದು ಕಷಾಯ ಕೊಟ್ಟಳು. ಗಂಟಲಿಗೆ ಬೆಂಕಿ ಬಿದ್ದಂತಾಯಿತು. ಮೂರನೆಯ ದಿನ ಕೆಮ್ಮು ನಿಂತಿತು. ಆಗ ನನ್ನ ತಲೆಗೆ ಒಂದು ವಿಚಾರ ಬಂತು. ಅದನ್ನು ನಾನು ಇವತ್ತಿಗೂ ನನ್ನ ಬದುಕಿನ ಒಂದೇ ಒಂದು ವಿಚಾರ ಎಂದು ತಿಳಿದಿದ್ದೇನೆ. ಡಾಕ್ಟರ ಔಷಧಿಯೂ ಗಿರಿಜಮ್ಮನ ಕಷಾಯವೂ ಒಂದೇ ಸೀಸೆಯಲ್ಲಿ ಇದ್ದರೆ ಹೇಗೆ? ಮರುದಿನದಿಂದ ಮುಚ್ಚಳದ ಹಿತ್ತಾಳೆ ತಂಬಿಗೆಯಲ್ಲಿ ಕಷಾಯ ಒಯ್ದು, ಡಾಕ್ಟರು ಬರುವ ಮೊದಲು ಜಾಡಿಗೆ ಸುರಿಯತೊಡಗಿದೆ. ತಂಬಿಗೆ ಕಂಡು ಡಾಕ್ಟರು, "ಅದೇನು ರುದ್ರಪ್ಪ?" ಎಂದು ಕೇಳಿದರೆ, "ಬಿಸಿನೀರು ಸಾರ್, ಗಂಟಲಿಗೆ" ಎನ್ನುತ್ತಿದ್ದೆ. ತಿಂಗಳು ತುಂಬುವುದರೊಳಗೆ ಕೆಮ್ಮಿನವರು ಹೆಚ್ಚಿದರು. ಮೂರು ತಿಂಗಳಿಗೆ ಸೊರಬದಿಂದ ಬೆಳಗಿನ ಬಸ್ಸಿಗೆ ಜನ ಬರತೊಡಗಿದರು. ಅಡಿಕೆ ಮಂಡಿಯವರು, ಭತ್ತದ ವ್ಯಾಪಾರದವರು, ಸೊಂಟದ ಮೇಲೆ ಕೂಸು ಎತ್ತಿಕೊಂಡ ಹೆಂಗಸರು. ಎಲ್ಲರೂ ಡಾಕ್ಟರ ಕೈಗುಣ ಹೊಗಳುವವರೇ. ನಾನು ಕಿಟಕಿಯ ಹಿಂದೆ ನಿಂತು, ಹೊಗಳಿಕೆಯಲ್ಲಿ ನನ್ನ ಪಾಲನ್ನು ಯಾರಿಗೂ ಕಾಣದಂತೆ ತೆಗೆದುಕೊಳ್ಳುತ್ತಿದ್ದೆ. ಹೀಗೆ ಎರಡು ವರ್ಷ ನಡೆಯಿತು.

ಅಷ್ಟರಲ್ಲಿ ಕಾನೂನು ಬಿಗಿಯಾಯಿತು. ಔಷಧಿ ಕೂಡಿಸುವವರ ಹೆಸರು ಇನ್ನು ಮೇಲೆ ಸರ್ಕಾರದ ಪಟ್ಟಿಯಲ್ಲಿ ಇರಲೇಬೇಕಂತೆ. ಕಾಲೇಜಿನಲ್ಲಿ ಕಲಿತವರಿಗೆ ಅವರ ಸರ್ಟಿಫಿಕೇಟೇ ಸಾಕು. ನನ್ನಂತೆ ಸೀಸೆ ತೊಳೆಯುತ್ತಲೇ ಕಲಿತವರಿಗೆ, "ಇವರು ಇಷ್ಟು ವರ್ಷ ನಾನು ಬರೆದ ಔಷಧಿಯನ್ನು ಬರೆದಂತೆಯೇ ಕೂಡಿಸಿಕೊಟ್ಟಿದ್ದಾರೆ" ಎಂದು ಡಾಕ್ಟರು ಬರೆದು ಸಹಿ ಹಾಕಬೇಕು. ಆ ಫಾರಮ್ಮು ಬಂದು ಡಾಕ್ಟರ ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ಕೂತಿತ್ತು. "ಬರೆದಂತೆಯೇ" ಎಂಬ ಒಂದು ಶಬ್ದ ನನ್ನ ಊಟ ನಿದ್ದೆ ಎರಡನ್ನೂ ಕೆಡಿಸಿತ್ತು. ಸಹಿ ಬೀಳದಿದ್ದರೆ ಆ ಕಿಟಕಿಯ ಹಿಂದೆ ನಾನು ನಿಲ್ಲುವಂತಿಲ್ಲ. ನಲವತ್ತೈದು ದಾಟಿದ್ದೆ, ಮೂರು ಮಕ್ಕಳು ಓದುತ್ತಿದ್ದವು, ಔಷಧಿ ಕೂಡಿಸುವುದು ಬಿಟ್ಟರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಕಷಾಯ ನಿಲ್ಲಿಸೋಣವೆಂದರೆ, ಸೊರಬದವರ ಕೆಮ್ಮು ನಿಲ್ಲದೆ ಹೋದರೆ ಡಾಕ್ಟರು ಜಾಡಿಯನ್ನೇ ಅನುಮಾನಿಸುತ್ತಾರೆ ಎಂಬ ಹೆದರಿಕೆ.

ಆ ವಾರವೇ ಡಾಕ್ಟರಿಗೆ ಒಂದು ಕಾಗದ ಬಂತು. ಅದನ್ನು ಓದಿ, ಕನ್ನಡಕ ಒರೆಸಿಕೊಳ್ಳುತ್ತ, "ರುದ್ರಪ್ಪ, ನಮ್ಮಕ್ಕನ ಮಗ ಪ್ರಭಾಕರ ಫಾರ್ಮಸಿ ಕಾಲೇಜಿನಲ್ಲಿ ಓದ್ತಿದ್ದಾನಲ್ಲ, ಅವನೂ ಅವನ ಇಬ್ಬರು ಸ್ನೇಹಿತರೂ ರಜೆಗೆ ಇಲ್ಲಿಗೆ ಬರ್ತಾರಂತೆ. ಹುಡುಗರಿಗೆ ಸಂಶೋಧನೇಲಿ ತುಂಬಾ ಆಸಕ್ತಿಯಂತೆ. ನೀವೇ ಎಲ್ಲಾ ತೋರಿಸ್ಬೇಕು" ಎಂದರು. ನನ್ನ ಕಿವಿಗೆ ಬಿದ್ದದ್ದು ಶೋಧನೆ ಎಂಬುದಷ್ಟೇ. ನಮ್ಮೂರಲ್ಲಿ ಶೋಧನೆ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಅಬಕಾರಿಯವರು ಮನೆಗೆ ನುಗ್ಗಿ ಕೊಡ, ಮಡಕೆ, ಅಟ್ಟ, ಕಾಳು ತುಂಬುವ ಹಗೇವು ಒಂದನ್ನೂ ಬಿಡದೆ ತಡಕಾಡಿದರೆ ಅದು ಶೋಧನೆ. ಮಧ್ಯಾಹ್ನ ಊಟಕ್ಕೆ ಬಂದವನು ಗಿರಿಜಮ್ಮನಿಗೆ, "ಮೂರು ಜನ ಬರ್ತಿದಾರೆ. ಡಾಕ್ಟರ ನೆಂಟರು ಅನ್ನೋದು ನೆಪ. ಶೋಧನೆ ಮಾಡಾಕೆ" ಎಂದೆ.

"ಶೋಧನೆ ಅಲ್ರಿ, ಸಂಶೋಧನೆ. ಮುಂದೆ ಸಂ ಐತಲ್ಲ" ಎಂದಳು ಆಕೆ. ಹುಡುಗಿಯಾಗಿದ್ದಾಗ ಶಾಲೆಯಲ್ಲಿ ನನಗಿಂತ ಒಂದು ತರಗತಿ ಹೆಚ್ಚು ಓದಿದವಳು. ಅದನ್ನು ಮರೆಯುವುದಕ್ಕೆ ಬಿಡುವುದಿಲ್ಲ.

"ಸಂ ಅಂದ್ರೆ ಏನು ಗೊತ್ತೇನು? ಪೂರ್ಣ ಅಂದ್ರೆ ತುಂಬಿದ್ದು. ಸಂಪೂರ್ಣ ಅಂದ್ರೆ ತುಳುಕಾ ಹಂಗೆ ತುಂಬಿದ್ದು. ಹಂಗೇ, ಬರೀ ಶೋಧನೆ ಅಂದ್ರೆ ಹೊರಗಿಂದ ನೋಡಿ ಹೋಗಾದು. ಸಂಶೋಧನೆ ಅಂದ್ರೆ ಬುಡಸಮೇತ ಅಗೆದು ನೋಡಾದು."

ಗಿರಿಜಮ್ಮ ಇನ್ನೊಂದು ಸೌಟು ಸಾರು ಬಡಿಸಿದಳು. ಆಮೇಲೆ, "ಅನ್ನ ಆರ್ತತಿ, ಉಣ್ರಿ" ಎಂದಳು.

ಹುಡುಗರು ಬಂದರು. ಬಸ್ಸಿನ ಮೇಲಿಂದ ಇಳಿಸಿದ ಅವರ ಸಾಮಾನಿನಲ್ಲಿ ಹಾಸಿಗೆಗಿಂತ ಪೆಟ್ಟಿಗೆಗಳೇ ಹೆಚ್ಚು. ನೋಡಲು ಮೂವರೂ ಸಾಧುಗಳೇ. ಆದರೆ ಒಂದು ವಿಷಯ ನನಗೆ ಮೊದಲ ದಿನವೇ ಕಣ್ಣಿಗೆ ಹೊಡೆಯಿತು. ಒಂದೇ ಕಾಲೇಜು, ಒಂದೇ ತರಗತಿ, ಒಂದೇ ಕೋಣೆಯಲ್ಲಿ ವಾಸ. ಆದರೆ ಆಸಕ್ತಿ ಮಾತ್ರ ಒಬ್ಬೊಬ್ಬರದು ಒಂದೊಂದು. ಪ್ರಭಾಕರನಿಗೆ ಯಾವುದೇ ಪದಾರ್ಥ ಕೊಟ್ಟರೂ ಅದರೊಳಗೆ ಏನೇನಿದೆ ಎಂದು ಕಂಡುಹಿಡಿಯುವ ಹುಚ್ಚು. ಸೋಮಶೇಖರ ಎಂಬವನಿಗೆ ಔಷಧಿಯ ಗಿಡ, ಬೇರು, ತೊಗಟೆ. ಗೋಪಾಲ ಎಂಬ ಮೂರನೆಯವನಿಗೆ ಗಿಡವೂ ಬೇಡ, ಪುಡಿಯೂ ಬೇಡ. ಕೊಟ್ಟ ಔಷಧಿಯನ್ನು ಜನ ಮನೆಗೆ ಒಯ್ದು ಏನು ಮಾಡುತ್ತಾರೆ ಎಂಬುದಷ್ಟೇ ಬೇಕು. ಬೇರೆಯವರಾಗಿದ್ದರೆ, ಎಷ್ಟು ಬಗೆಯ ವಿದ್ಯೆ ಇದೆಯಪ್ಪ ಈ ಲೋಕದಲ್ಲಿ ಎಂದು ಸಂತೋಷಪಡುತ್ತಿದ್ದರು. ನಾನು ಮೂರನ್ನೂ ಜೋಡಿಸಿ ನೋಡಿದೆ. ಕಷಾಯಕ್ಕೆ ಹಾಕಿದ ಬೇರು ಯಾವುದು ಎಂದು ಒಬ್ಬ ಹೇಳುತ್ತಾನೆ, ಜಾಡಿಯಲ್ಲಿ ಅದು ಇದೆಯೇ ಎಂದು ಇನ್ನೊಬ್ಬ ನೋಡುತ್ತಾನೆ, ಕುಡಿದವರ ಹೇಳಿಕೆಯನ್ನು ಮತ್ತೊಬ್ಬ ಬರೆದುಕೊಳ್ಳುತ್ತಾನೆ. ಪೊಲೀಸರು ಕೂಡ ಇಷ್ಟು ಚೆನ್ನಾಗಿ ಕೆಲಸ ಹಂಚಿಕೊಳ್ಳುವುದಿಲ್ಲ.

ಸೋಮಶೇಖರ ಬೆಳಿಗ್ಗೆ ಎದ್ದರೆ ಬಗಲಿಗೆ ಚೀಲ ಹಾಕಿ ಹೊರಡುತ್ತಿದ್ದ. ಒಂದು ದಿನ ಅಂಜನಾಪುರದ ಕಾಲುವೆಯ ಬದು, ಇನ್ನೊಂದು ದಿನ ಬಂದಳಿಕೆಯ ಪಾಳು ಗುಡಿಗಳ ಸಂದಿ. ಬಂದಳಿಕೆಯಲ್ಲಿ ಅವನು ಮೊಣಕಾಲೂರಿ ಗರಿಕೆಯ ನಡುವೆ ಏನನ್ನೋ ಕೀಳುತ್ತಿದ್ದಾಗ ಒಬ್ಬ ರೈತ ನೇಗಿಲು ನಿಲ್ಲಿಸಿ, "ಹ್ವಾದ ವರ್ಷ ಕಲ್ಲು ಓದಾರು ಬಂದಿದ್ರು. ಈ ವರ್ಷ ನೀವು ಸೊಪ್ಪು ಓದಾರು ಬಂದೀರೇನು?" ಎಂದು ಕೇಳಿದನಂತೆ. ಆ ರೈತ ಮುಗ್ಧ. ನಾನು ಹಾಗಲ್ಲ. ಸಂಜೆ ಅವನು ಚೀಲ ಬಿಚ್ಚಿ, "ರುದ್ರಪ್ಪನವರೇ, ಇದಕ್ಕೆ ಇಲ್ಲಿಯ ಹೆಸರೇನು? ಇದನ್ನ ಕೆಮ್ಮಿಗೆ ಹಾಕ್ತಾರಾ?" ಎಂದು ಒಂದೊಂದೇ ಎಲೆ ಹಿಡಿದು ಕೇಳುವನು. ಹನ್ನೆರಡು ಗಿಡ ತಂದರೆ ಹನ್ನೆರಡಕ್ಕೂ ಕೆಮ್ಮು. ನನಗೆ ತಿಳಿದದ್ದನ್ನು ಹೇಳಿದರೆ, ಓಹೋ ಇವನಿಗೆ ನಾಟಿ ಔಷಧಿ ಗೊತ್ತಿದೆ ಎಂದು ಬರೆದುಕೊಳ್ಳುತ್ತಾನೆ. ಆದ್ದರಿಂದ ಕೆಮ್ಮಿಗೆಂದು ಊರಿಗೆಲ್ಲ ಗೊತ್ತಿರುವ ಆಡುಸೋಗೆ ತೋರಿಸಿದಾಗಲೂ ಗೊತ್ತಿಲ್ಲ ಎಂದೆ. ಅವನು ನಂಬದೆ ಮತ್ತೆ ಕೇಳಿದಾಗ, "ಬೆಕ್ಕಿನಮೀಸೆ ಸೊಪ್ಪು" ಎಂದುಬಿಟ್ಟೆ. ಅವನು ಕಣ್ಣರಳಿಸಿ ಬರೆದುಕೊಂಡ. ಆ ಹೆಸರು ಈಗ ಯಾವ ಕಾಲೇಜಿನ ಯಾವ ಪುಸ್ತಕದಲ್ಲಿ ಕೂತಿದೆಯೋ, ನೆನೆದರೆ ನಾಚಿಕೆಯಾಗುತ್ತದೆ.

ಪ್ರಭಾಕರನ ಕಾಟ ಇನ್ನೊಂದು ಬಗೆ. ಪೆಟ್ಟಿಗೆಯಿಂದ ಗಾಜಿನ ನಳಿಗೆಗಳನ್ನು ತೆಗೆದು ದವಾಖಾನೆಯ ಹಿಂದಿನ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿದ. ಬಾವಿಯ ನೀರು, ಅಡುಗೆಯ ಉಪ್ಪು, ಹಾಲಿನವಳ ಹಾಲು, ಕೊನೆಗೆ ಸೋದರಮಾವನ ತಲೆಗೂದಲಿನ ಎಣ್ಣೆ, ಒಂದನ್ನೂ ಬಿಡಲಿಲ್ಲ. ಎಣ್ಣೆಯಲ್ಲಿ ಡಬ್ಬಿಯ ಮೇಲೆ ಬರೆದದ್ದು ಏನೂ ಇಲ್ಲ ಎಂದು ಸಾಬೀತು ಮಾಡಿದ ಮೇಲೆ ಡಾಕ್ಟರು ಎರಡು ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ. ಹಾಲಿನವಳಂತೂ ಆ ಬೀದಿಗೇ ಬರುವುದನ್ನು ಬಿಟ್ಟಳು. ಒಂದು ಬೆಳಿಗ್ಗೆ ಅವನು ನನ್ನ ತಂಬಿಗೆಯನ್ನು ನೋಡಿ, "ಅದರಲ್ಲಿ ಏನಿದೆ ರುದ್ರಪ್ಪನವರೇ?" ಎಂದ.

"ಬಿಸಿನೀರು."

"ದಿನಾ ಮನೆಯಿಂದ ಬಿಸಿನೀರು ತರ್ತೀರಾ? ಇಲ್ಲೇ ಸ್ಟೌ ಇದೆಯಲ್ಲ."

"ನನಗೆ ಮನೇ ನೀರೇ ಒಗ್ಗಾದು" ಎಂದೆ. ಅವನು ನಕ್ಕು ತನ್ನ ನಳಿಗೆಗಳ ಕಡೆ ತಿರುಗಿದ. ಆ ನಗೆಯ ಅರ್ಥ ಏನಿರಬಹುದೆಂದು ನಾನು ಮಧ್ಯಾಹ್ನದವರೆಗೆ ಯೋಚಿಸಿ, ಒಬ್ಬ ಮುದುಕಿಗೆ ಹೊಟ್ಟೆನೋವಿನ ಔಷಧಿಯ ಬದಲು ಕಣ್ಣಿಗೆ ಬಿಡುವ ನೀರು ಕೊಡುವುದರಲ್ಲಿದ್ದೆ.

ಗೋಪಾಲ ವಾರಕ್ಕೆ ಎರಡು ಸಲ ಬಸ್ಸು ಹತ್ತಿ ಸೊರಬಕ್ಕೆ ಹೋಗಿ, ನಮ್ಮ ರೋಗಿಗಳ ಮನೆಮನೆಗೆ ನುಗ್ಗಿ ಪ್ರಶ್ನೆ ಕೇಳಿ ಬರೆದುಕೊಂಡು ಬರುತ್ತಿದ್ದ. ಒಂದು ಸಂಜೆ ಬಸ್ಸಿನಿಂದ ಇಳಿದವನೇ ಓಡೋಡಿ ಬಂದ. ನಾವು ಆರು ಕಚ್ಚಿನ ಔಷಧಿ ಕೊಟ್ಟರೆ ಸೊರಬದಲ್ಲಿ ಒಬ್ಬರೂ ಆರನೆಯ ಕಚ್ಚು ಕುಡಿಯುವುದಿಲ್ಲವಂತೆ. ಕಾರಣ ಕೇಳಿದರೆ, ಸೀಸೆ ದವಾಖಾನೆಯದು, ಬೇರೆಯವರ ಪಾತ್ರೆಯನ್ನು ಬರಿದಾಗಿ ವಾಪಸು ಕೊಡಬಾರದು, ಅದಕ್ಕೆ ತಳದಲ್ಲಿ ಸ್ವಲ್ಪ ಉಳಿಸುತ್ತೇವೆ ಎಂದರಂತೆ. ನನಗೆ ಇದು ಹೊಸದಲ್ಲ. ಎಷ್ಟೋ ವರ್ಷಗಳಿಂದ ತೀರ್ಥದಷ್ಟು ಔಷಧಿ ಉಳಿದ ಸೀಸೆಗಳು ಬರುತ್ತಿದ್ದವು, ನಾನು ಚೆಲ್ಲಿ ತೊಳೆಯುತ್ತಿದ್ದೆ. ನಮ್ಮ ಮನೆಯಲ್ಲೂ ಪಕ್ಕದವರ ಪಾತ್ರೆಗೆ ನಾಲ್ಕು ಕಾಳು ಸಕ್ಕರೆಯಾದರೂ ಹಾಕದೆ ಕೊಡುವುದಿಲ್ಲ. ಹಾಗಾಗಿ ಅದು ತಪ್ಪೆಂದೇ ನನಗೆ ತೋರಿರಲಿಲ್ಲ. ಆದರೆ ಡಾಕ್ಟರು ಬೆರಗಾಗಿಬಿಟ್ಟರು. "ಹಾಗಾದ್ರೆ ಇಷ್ಟು ವರ್ಷ ನಾನು ಬರೆದದ್ದರಲ್ಲಿ ಆರನೇ ಒಂದು ಪಾಲು ಬಚ್ಚಲಿಗೆ ಹೋಗಿದೆಯೇ?" ಎಂದು ನನ್ನತ್ತ ತಿರುಗಿದರು. ಗೋಪಾಲ ಅಲ್ಲಿಗೇ ನಿಲ್ಲಿಸಿದ್ದರೆ ಅವನಿಗೆ ಪುಣ್ಯ ಬರುತ್ತಿತ್ತು. ಅವನು ಪುಸ್ತಕದ ಹಾಳೆ ತಿರುವಿ, "ಇನ್ನೊಂದು ವಿಷಯ ಸಾರ್. ಒಬ್ಬರಲ್ಲ, ಹದಿನೈದು ಜನ ಹೇಳಿದ್ದಾರೆ. ನಿಮ್ಮ ಔಷಧಿ ಖಾರ ಇರ್ತದೆ, ಶುಂಠಿ ಖಾರ, ಅದಕ್ಕೇ ಕೆಮ್ಮು ಹೋಗ್ತದೆ ಅಂತ" ಎಂದ.

"ಖಾರವೇ?" ಎಂದರು ಡಾಕ್ಟರು. "ನಾನು ಖಾರದ್ದು ಏನೂ ಬರೆಯೋಲ್ಲವಲ್ಲ."

ಪ್ರಭಾಕರ ಎದ್ದು ನಿಂತ. ಹಸಿದವನ ಮುಂದೆ ಎಲೆ ಹಾಕಿದಂತಿತ್ತು ಅವನ ಮುಖ. "ನಾಳೆ ನೋಡಿಬಿಡ್ತೀನಿ ಮಾವ" ಎಂದವನೇ ನನ್ನ ಜಾಡಿಯಿಂದ ಒಂದು ಸಣ್ಣ ಸೀಸೆಗೆ ಔಷಧಿ ತುಂಬಿ, ಬಿರಡೆ ಹಾಕಿ, ದಾರ ಸುತ್ತಿ, ಮೇಲೆ ಅರಗಿನ ಮುದ್ರೆ ಒತ್ತಿದ. ಅರಗು ಕರಗಿಸುವುದಕ್ಕೆ ಬೆಂಕಿಪೆಟ್ಟಿಗೆ ಕೊಟ್ಟವನು ನಾನೇ.

ಮನೆಗೆ ಬಂದು ಜಗಲಿಯ ಮೇಲೆ ಕೂತೆ. ದೀಪ ಹಚ್ಚುವ ಹೊತ್ತು. ಗಿರಿಜಮ್ಮನಿಗೆ ಎಲ್ಲ ಹೇಳಿದೆ. ಆಕೆ ಹೆದರಲಿಲ್ಲ, ಅದನ್ನು ಕಂಡು ನನಗೆ ಸಿಟ್ಟು ಬಂತು. "ಸುಮ್ಕಿರ್ರಿ, ಅವರಿಗೆ ಏನೂ ಸಿಗಲ್ಲ" ಎಂದಳು.

"ನಿನಗೇನು ಗೊತ್ತು? ಎಣ್ಣೆ ಒಳಗೆ ಏನೇನೈತಿ ಅಂತ ಹೇಳ್ದಾವನಿಗೆ ಶುಂಠಿ ಸಿಗಲ್ವಾ?"

"ನಾನೊಂದು ಮಾತು ಹೇಳ್ತೀನಿ, ಸಿಟ್ಟು ಮಾಡಬ್ಯಾಡ್ರಿ" ಎಂದಳು. ಈ ಹೆಂಗಸಿಗೆ ಕಾನೂನು ಗೊತ್ತಿಲ್ಲ, ಈಗ ಏನಾದರೂ ಹರಕೆ ಹೊರಲು ಹೇಳುತ್ತಾಳೆ ಎಂದುಕೊಂಡು, "ಈಗ ಏನೂ ಹೇಳಬ್ಯಾಡ, ತಲೆ ಸಿಡೀತೈತಿ" ಎಂದು ಎದ್ದುಬಿಟ್ಟೆ. ಬಚ್ಚಲಲ್ಲಿ ಕೈಕಾಲು ತೊಳೆಯುವಾಗ ಒಂದು ನಿಶ್ಚಯಕ್ಕೆ ಬಂದೆ. ಆ ಹುಡುಗ ಕಂಡುಹಿಡಿದು ಹೇಳಿದರೆ ನಾನು ಕಳ್ಳ. ನಾನೇ ಮೊದಲು ಹೇಳಿದರೆ ತಪ್ಪು ಮಾಡಿದವನು. ಎರಡರ ನಡುವೆ ಹೆಚ್ಚು ಅಂತರವಿಲ್ಲ, ಆದರೆ ಮಕ್ಕಳಿಗೆ ಅಪ್ಪನ ವಿಷಯ ಹೇಳುವಾಗ ಆ ಅಂತರ ಬೇಕಾಗುತ್ತದೆ ಅನ್ನಿಸಿತು.

ಬೆಳಿಗ್ಗೆ ತಂಬಿಗೆ ಇಲ್ಲದೆ, ಬರಿಗೈಯಲ್ಲಿ ಹೋದೆ. ಡಾಕ್ಟರು ಆಗ ತಾನೇ ಬಂದು ಕುರ್ಚಿಯಲ್ಲಿ ಕೂತಿದ್ದರು. ನಿಂತುಕೊಂಡೇ ಎಲ್ಲವನ್ನೂ ಒಪ್ಪಿಕೊಂಡೆ. ಶುಂಠಿ, ಮೆಣಸು, ಜೀರಿಗೆ, ಎರಡು ವರ್ಷ, ತಂಬಿಗೆ, ಬಿಸಿನೀರೆಂಬ ಸುಳ್ಳು, ಒಂದನ್ನೂ ಮುಚ್ಚಿಡಲಿಲ್ಲ. ಹಿಂದಿನ ಕೋಣೆಯಲ್ಲಿ ನಳಿಗೆಗಳ ಸದ್ದು ನಿಂತಿತು, ಹುಡುಗರಿಗೂ ಕೇಳಿಸಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ದನಿ ಏರಲಿಲ್ಲ. "ರುದ್ರಪ್ಪ, ಆರು ತಿಂಗಳ ಕೂಸಿಗೂ ನಾನು ಅದೇ ಜಾಡಿಯಿಂದ ಕೊಡಿಸಿದ್ದೀನಿ. ಅದಕ್ಕೆ ಏನಾದ್ರೂ ಆಗಿದ್ರೆ, ನನ್ನ ಔಷಧೀಲಿ ತಪ್ಪು ಎಲ್ಲಿದೆ ಅಂತ ನಾನು ಎಷ್ಟು ದಿನ ಹುಡುಕಬೇಕಾಗಿತ್ತು?" ಎಂದರು. ಗಾಜಿನ ಗುಂಡನ್ನು ಸರಿಸಿ ಆ ಫಾರಮ್ಮನ್ನು ತೆಗೆದು ಡ್ರಾಯರಿಗೆ ಹಾಕಿ ಮುಚ್ಚಿದರು. ನನಗೆ ಅಳು ಬಂತು. ಎರಡು ವರ್ಷ ಜಾಡಿಯ ಮುಂದೆ ನಿಂತು ನಾನು ಯೋಚಿಸಿದ್ದು ಕೆಮ್ಮನ್ನು, ಹೊಗಳಿಕೆಯನ್ನು. ಆ ಕೂಸು ನನ್ನ ಲೆಕ್ಕಕ್ಕೆ ಒಂದು ದಿನವೂ ಬಂದಿರಲಿಲ್ಲ.

ಆದರೂ ಪರೀಕ್ಷೆ ಆಗಲೇಬೇಕು ಎಂದರು ಡಾಕ್ಟರು. ಶುಂಠಿ ಎಷ್ಟಿದೆ ಎಂದು ಅವರಿಗೆ ಗೊತ್ತಾಗಬೇಕಿತ್ತು. ಡಾಕ್ಟರ ಮನೆಯ ಅಡುಗೆಮನೆಯಿಂದ ಶುಂಠಿ ತರಿಸಿ ಕಷಾಯ ಮಾಡಿಸಿದರು. ಅದರ ನಾಲ್ಕು ಹನಿ ಒಂದು ನಳಿಗೆಗೆ, ಅರಗು ಒಡೆದು ತೆಗೆದ ನನ್ನ ಔಷಧಿ ಇನ್ನೊಂದು ನಳಿಗೆಗೆ. ಪ್ರಭಾಕರ ಎರಡಕ್ಕೂ ಏನೇನೋ ಬೆರೆಸಿ, ಕೊನೆಗೆ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನಿನ ಒಂದೊಂದು ಹನಿ ಬಿಟ್ಟ. ಶುಂಠಿಯೊಳಗಿನ ಹಿಟ್ಟಿನಂಶಕ್ಕೆ ಅದರ ಕಷಾಯ ಕಪ್ಪುನೀಲಿಯಾಯಿತು. ನನ್ನದು ಕೆಂಪಗೇ ಇತ್ತು. ಇನ್ನೊಮ್ಮೆ ಮಾಡಿದ. ಮತ್ತೆ ಕೆಂಪು. ಸೋಮಶೇಖರ ತಳದಲ್ಲಿ ಕೂತದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ ಏನೂ ಇಲ್ಲವೆಂದು ತಲೆಯಾಡಿಸಿದ. ಪ್ರಭಾಕರ, "ಮಾವ, ಇದರಲ್ಲಿ ಶುಂಠಿ ಇಲ್ಲ. ಮೆಣಸು, ಜೀರಿಗೆಯ ಸುಳಿವೂ ಇಲ್ಲ. ನೀವು ಬರೆದದ್ದು ಬರೆದಂತೆಯೇ ಇದೆ. ನೀರು ಮಾತ್ರ ಒಂದು ಸ್ವಲ್ಪ ಜಾಸ್ತಿ" ಎಂದ.

ಬುದ್ಧಿ ಇರುವ ಯಾರೇ ಆದರೂ ಅಲ್ಲಿಗೆ ಕೈಮುಗಿದು ಸುಮ್ಮನಾಗುತ್ತಿದ್ದರು. ನಾನು ರೇಗಿಬಿಟ್ಟೆ. "ಇಲ್ಲ ಅಂದ್ರೆ ಏನ್ರಿ ಅರ್ಥ? ಎರಡು ವರ್ಷ ನನ್ನ ಕೈಯಾರೆ ಹಾಕೀನಿ. ನಿನ್ನೆ ಬೆಳಿಗ್ಗೇನೂ ಹಾಕೀನಿ. ನಿಮ್ಮ ಪರೀಕ್ಷೆ ಸರಿಯಿಲ್ಲ" ಎಂದೆ. ನಾನು ಅಪರಾಧಿಯೇ ಹೌದು ಎಂದು ನಾನು, ಅಲ್ಲವೇ ಅಲ್ಲ ಎಂದು ಅವರು. ಅಂಥ ವಾದ ಯಾವ ಕೋರ್ಟಿನಲ್ಲೂ ನಡೆದಿರಲಾರದು. ನಾನು ಚಮಚ ತೆಗೆದು ಔಷಧಿಯನ್ನು ಬಾಯಿಗೆ ಹಾಕಿಕೊಂಡೆ. ಗಂಟಲು ಚುರ್ ಎಂದಿತು. "ನೋಡ್ರಿ, ಇದು ಖಾರ ಅಲ್ಲೇನು?" ಎಂದು ಅವರ ಮುಂದೆ ಹಿಡಿದೆ. ಗೋಪಾಲ ನೆಕ್ಕಿದ, ಸೋಮಶೇಖರ ನೆಕ್ಕಿದ, ಪ್ರಭಾಕರ ನೆಕ್ಕಿದ. ಕೊನೆಗೆ ಡಾಕ್ಟರೇ ಬೆರಳ ತುದಿಗೆ ಹಾಕಿಕೊಂಡು ನೋಡಿ, ನನ್ನ ಭುಜದ ಮೇಲೆ ಕೈಯಿಟ್ಟು, "ಸಿಹಿಯಾಗಿದೆ ರುದ್ರಪ್ಪ. ಮನೆಗೆ ಹೋಗಿ ಸ್ವಲ್ಪ ಮಲಗಿ ಬನ್ನಿ" ಎಂದರು.

ಮಲಗುವುದು ಎಲ್ಲಿಂದ ಬಂತು? ಗಿರಿಜಮ್ಮ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಹೋಗಿ ಎದುರಿಗೆ ನಿಂತೆ. ನನ್ನ ಮುಖ ನೋಡಿಯೇ ಆಕೆಗೆ ತಿಳಿಯಿತು. ಬಕೆಟ್ಟು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಅದು ಬಿಸಿನೀರ್ರಿ. ಬಣ್ಣಕ್ಕೆ ಒಂದು ಚೂರು ಬೆಲ್ಲ ಹಾಕಿದೀನಿ, ಅಷ್ಟೇ" ಎಂದಳು.

"ಯಾವಾಗಿಂದ?"

"ಮೊದಲ್ನೇ ತಿಂಗಳು ಕಳೆದ ಮೇಲಿಂದ. ಮಂಡಿಯಾರ ಮನೆ ಬಾಣಂತಿ ಕೂಸಿಗೂ ಅದೇ ಔಷಧಿ ಕೊಟ್ರು ಅಂತ ಕೇಳಿದೆ. ಅಷ್ಟು ಸಣ್ಣ ಕೂಸಿಗೆ ಮೆಣಸಿನ ಖಾರ ತಡೀತತೇನ್ರಿ? ನಿಮಗೆ ಬ್ಯಾಡ ಅಂದ್ರೆ ಕೇಳಾರಲ್ಲ. ಹಾಕಬ್ಯಾಡ್ರಿ ಅಂದ್ರೆ, ಯಾಕೆ ಹಂಗಂದೆ, ಯಾರು ಹೇಳಿಕೊಟ್ರು ಅಂತ ಎಂಟು ದಿನ ಕೇಳ್ತೀರಿ. ಅದಕ್ಕೇ ನೀರು ಕುದಿಸಿಕೊಟ್ಟೆ. ಒಂದು ದಿನಕ್ಕೇ ಗೊತ್ತಾಗ್ತತಿ ಅಂದ್ಕಂಡಿದ್ದೆ. ಅವತ್ತು ನೀವು ಒಂದು ಚಮಚ ಕುಡಿದು ನೋಡಿ ಏನಂದ್ರಿ ಗೊತ್ತಾ? ಇವತ್ತು ಶುಂಠಿ ಸ್ವಲ್ಪ ಜಾಸ್ತಿ ಆತು ಅಂದ್ರಿ."

ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಡಾಕ್ಟರಿಗೆ ದಿನವೂ ಬಿಸಿನೀರು ಎಂದು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡು ಎರಡು ವರ್ಷ ನಾನು ನಿಜವನ್ನೇ ಹೇಳಿದ್ದೆ. ನಾನು ಪ್ರಾಮಾಣಿಕ ಎಂಬುದಕ್ಕೆ ಸಂತೋಷಪಡಬೇಕೋ, ಸೊರಬದ ಬಸ್ಸಿನ ತುಂಬ ಬಂದ ಹೊಗಳಿಕೆಯಲ್ಲಿ ನನ್ನ ಪಾಲು ಏನೂ ಇರಲಿಲ್ಲ ಎಂಬುದಕ್ಕೆ ದುಃಖಪಡಬೇಕೋ ತಿಳಿಯಲಿಲ್ಲ. ಗಿರಿಜಮ್ಮನ ಮೇಲೆ ಸಿಟ್ಟು ಮಾಡೋಣವೆಂದರೆ ಆ ಕೂಸು ಅಡ್ಡ ಬಂತು. ಲೋಕವನ್ನೆಲ್ಲ ಅನುಮಾನದಿಂದ ನೋಡಿದವನು ಕೈಗೆ ತಂಬಿಗೆ ಕೊಡುತ್ತಿದ್ದವಳ ಮುಖವನ್ನು ಒಂದು ದಿನವೂ ನೋಡಿರಲಿಲ್ಲ. ಆಕೆ ಮಾತ್ರ ನನ್ನೊಬ್ಬನನ್ನೇ ಅನುಮಾನಿಸಿ, ನನ್ನನ್ನೂ ಕೂಸನ್ನೂ ಉಳಿಸಿದ್ದಳು.

ಮಧ್ಯಾಹ್ನ ಹೋಗಿ ಇದನ್ನೂ ಹೇಳಿದೆ. ಡಾಕ್ಟರು ಮೊದಲ ಸಲ ದೊಡ್ಡದಾಗಿ ನಕ್ಕರು. ನಕ್ಕು ಮುಗಿಸಿ ಡ್ರಾಯರು ತೆಗೆದು, "ಇವತ್ತು ಬೆಳಿಗ್ಗೆ ನೀವಾಗಿ ಬಂದು ಹೇಳದೆ ಇದ್ದಿದ್ರೆ, ಶುಂಠಿ ಸಿಗದಿದ್ರೂ, ಹದಿನೈದು ಜನ ಖಾರ ಅಂದಿದ್ದ ಅನುಮಾನದಲ್ಲೇ ನಾನು ಸಹಿ ಹಾಕ್ತಿರಲಿಲ್ಲ" ಎಂದು ಹೇಳಿ ಸಹಿ ಮಾಡಿದರು. "ಬರೆದಂತೆಯೇ" ಎಂಬ ಶಬ್ದದ ಮೇಲೆ ಅವರ ಲೇಖನಿ ಒಂದು ಗಳಿಗೆ ನಿಂತಿದ್ದನ್ನು ನಾನು ನೋಡಿದೆ. ಪ್ರಭಾಕರನಿಗೆ ಮಾತ್ರ ಆ ದಿನದಿಂದ ನಳಿಗೆಗಳ ಮೇಲಿನ ಆಸಕ್ತಿಯೇ ಹೋಯಿತು. ಮೊದಲು ಕುಡಿದವರು ಖಾರ ಎಂದರೆ ಆಮೇಲೆ ಕುಡಿದವರ ನಾಲಿಗೆಗೂ ಸಿಹಿ ಖಾರವಾಗುವುದು ಹೇಗೆ ಎಂಬುದೇ ಇನ್ನು ತನ್ನ ವಿಷಯ ಎಂದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಐದು ಚಮಚ ನೀರು ಕುಡಿದು ತೋರಿಸಿ ಎಂದು ನನ್ನ ಬೆನ್ನು ಬಿದ್ದ. ರಜೆ ಮುಗಿದು ಅವರು ಬಸ್ಸು ಹತ್ತುವವರೆಗೆ ನಾನು ಅವನ ಕೈಗೆ ಸಿಗಲಿಲ್ಲ.

ಕೆಲವು ತಿಂಗಳಿಗೆ ಪಟ್ಟಿಯಲ್ಲಿ ನನ್ನ ಹೆಸರು ಬಂತು. ಕಾಗದಕ್ಕೆ ಕಟ್ಟು ಹಾಕಿಸಿ ಕಿಟಕಿಯ ಪಕ್ಕದ ಗೋಡೆಗೆ ಹಾಕಿದೆ. ಅದೇ ದಿನ ಸೊರಬದ ಬಸ್ಸಿನಲ್ಲಿ ಒಬ್ಬ ಗಿರಾಕಿ ಬಂದ. ಸೀಸೆ ಕೈಗೆ ತೆಗೆದುಕೊಂಡು, ನಮ್ಮ ಕಸುಬಿನವರನ್ನು ಎಲ್ಲರೂ ಎಲ್ಲ ಊರಲ್ಲೂ ಕೇಳುವ ಮಾತನ್ನೇ ಹಲ್ಲು ಕಿರಿಯುತ್ತ ಕೇಳಿದ: "ಕಂಪೌಂಡರ್ರೇ, ನೀರುಗೀರು ಬೆರೆಸಿಲ್ಲ ಅಲ್ದಾ?" ಈ ಮಾತಿಗೆ ನಾನು ಎಷ್ಟು ಜನರ ಮೇಲೆ ಹರಿಹಾಯ್ದಿದ್ದೇನೋ, ಎಷ್ಟು ಸೀಸೆಗಳನ್ನು ಕಿತ್ತುಕೊಂಡು ವಾಪಸು ಇಟ್ಟಿದ್ದೇನೋ ಲೆಕ್ಕವಿಲ್ಲ. ಅವತ್ತು ಬಾಯಿ ತೆರೆದೆ, ಸಿಟ್ಟು ಬರಲಿಲ್ಲ.

"ಈಗ ಇಲ್ಲ ಮಾರಾಯ್ರೆ" ಎಂದೆ.

"ಈಗ ಇಲ್ಲ ಅಂದ್ರೆ?" ಎಂದ ಅವನು. ಹಲ್ಲು ಒಳಗೆ ಹೋಯಿತು. ಗೋಡೆಯ ಮೇಲಿನ ಕಾಗದವನ್ನು ಒಮ್ಮೆ ನೋಡಿದ, ನನ್ನ ಮುಖವನ್ನು ಒಮ್ಮೆ ನೋಡಿದ. ಆಮೇಲೆ ಬಿಸಿಲಿಗೆ ಇಳಿದು, ಸೀಸೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಬಸ್ಸು ಹೊರಡುವವರೆಗೂ ತಿರುಗಿಸಿ ತಿರುಗಿಸಿ ನೋಡುತ್ತ ನಿಂತ.